ಬೆಟ್ಟದ ನೆತ್ತಿಯ ರಸ್ತೆ, ಜೇಬಿನಲ್ಲೊಂದು ಠಸ್ಸೆ ಪುಸ್ತಕ

ಅಮೆರಿಕದ ಪೂರ್ವ ಭಾಗದಲ್ಲಿ 469 ಮೈಲಿ, ಅಂದರೆ ಸುಮಾರು 755 ಕಿಲೋಮೀಟರ್ ಉದ್ದದ ರಸ್ತೆಯೊಂದಿದೆ. ಅದರ ಮೇಲೆ ಟೋಲ್ ಇಲ್ಲ, ಪೆಟ್ರೋಲ್ ಬಂಕ್ ಇಲ್ಲ, ಜಾಹೀರಾತು ಫಲಕಗಳಿಲ್ಲ, ಸರಕಿನ ಲಾರಿ ಓಡುವಂತಿಲ್ಲ. ಬ್ಲೂ ರಿಡ್ಜ್ ಪಾರ್ಕ್‌ವೇ ಎಂಬ ಈ ರಸ್ತೆ ವರ್ಜೀನಿಯಾದ ರಾಕ್‌ಫಿಶ್ ಗ್ಯಾಪ್‌ನಲ್ಲಿ ಶುರುವಾಗಿ, ಅಪಲೇಚಿಯನ್ ಬೆಟ್ಟಗಳ ನೆತ್ತಿಯ ಗುಂಟ ದಕ್ಷಿಣಕ್ಕೆ ಸಾಗಿ, ನಾರ್ತ್ ಕ್ಯಾರೊಲೈನಾದ ಚೆರೋಕೀ ಊರಿನ ಹತ್ತಿರ ಮುಗಿಯುತ್ತದೆ. ಎಲ್ಲಿಗಾದರೂ ಬೇಗ ತಲುಪಬೇಕೆನ್ನುವವರು ಇದರ ಕಡೆ ಸುಳಿಯುವುದಿಲ್ಲ. ಆದರೂ ವರ್ಷಕ್ಕೆ ಒಂದೂವರೆ ಕೋಟಿಗೂ ಹೆಚ್ಚು ಭೇಟಿಗಳು ಇಲ್ಲಿ ದಾಖಲಾಗುತ್ತವೆ. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯ ಕೈಕೆಳಗಿರುವ ನಾನೂರಕ್ಕೂ ಮಿಕ್ಕಿದ ತಾಣಗಳಲ್ಲಿ ಅತಿ ಹೆಚ್ಚು ಜನ ಬರುವ ಜಾಗಗಳ ಸಾಲಿನಲ್ಲಿ ಈ ರಸ್ತೆ ಸದಾ ಮುಂದಿರುತ್ತದೆ.

ರಾಲೀ, ಕೇರಿ, ಷಾರ್ಲಟ್ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇದು ಕೆಲವು ಗಂಟೆಗಳ ದಾರಿ. ಬೆಂಗಳೂರು, ಮೈಸೂರುಗಳಿಂದ ಮಕ್ಕಳ ಮನೆಗೆ ಬಂದ ತಂದೆತಾಯಂದಿರನ್ನು ಅಕ್ಟೋಬರ್ ತಿಂಗಳಲ್ಲಿ ಎಲೆಗಳ ಬಣ್ಣ ನೋಡಲು ಇಲ್ಲಿಗೆ ಕರೆತರುವುದು ವಾಡಿಕೆ. ಆದರೆ ಹೆಚ್ಚಿನವರ ಪ್ರವಾಸ ಎರಡು ವ್ಯೂ ಪಾಯಿಂಟ್, ಹತ್ತು ಫೋಟೋ, ಮತ್ತೆ ಹೆದ್ದಾರಿಗೆ ವಾಪಸ್ ಎನ್ನುವಷ್ಟಕ್ಕೇ ಮುಗಿದುಹೋಗುತ್ತದೆ. ಬೆಟ್ಟ ನೋಡಿದಂತಾಗುತ್ತದೆ, ಬೆಟ್ಟದ ಜನ ಹೇಗೆ ಬದುಕಿದರು ಎಂಬುದು ಕಣ್ಣಿಗೆ ಬೀಳುವುದೇ ಇಲ್ಲ. ಈ ಕೊರತೆ ತುಂಬಲು ಅಂಗೈಯಗಲದ ಒಂದು ಪುಸ್ತಕ ಸಹಾಯ ಮಾಡುತ್ತದೆ. ಅದರ ಹೆಸರು ‘ಪಾಸ್‌ಪೋರ್ಟ್ ಟು ಯುವರ್ ನ್ಯಾಷನಲ್ ಪಾರ್ಕ್ಸ್’. ಅದರಲ್ಲಿ ಠಸ್ಸೆ ಹಾಕಿಸಿಕೊಳ್ಳಬೇಕಾದರೆ ಕಾರು ನಿಲ್ಲಿಸಿ, ಇಳಿದು, ಒಳಗೆ ಹೋಗಲೇಬೇಕು. ಪುಸ್ತಕದ ನಿಜವಾದ ಉಪಯೋಗ ಇದು ಎಂದು ನನ್ನ ನಂಬಿಕೆ. ಅದು ನಮ್ಮನ್ನು ಇಳಿಸುತ್ತದೆ.

ಪುಸ್ತಕದ ವ್ಯವಸ್ಥೆ

ಈ ಪುಸ್ತಕ ಶುರುವಾದದ್ದು 1986ರಲ್ಲಿ. ಉದ್ಯಾನಗಳ ಪುಸ್ತಕ ಮಳಿಗೆಗಳನ್ನು ನಡೆಸುವ ಈಸ್ಟರ್ನ್ ನ್ಯಾಷನಲ್ ಎಂಬ ಲಾಭರಹಿತ ಸಂಸ್ಥೆ ಇದನ್ನು ಹೊರತಂದಿತು. ದೇಶವನ್ನು ಒಂಬತ್ತು ವಲಯಗಳಾಗಿ ವಿಂಗಡಿಸಿ, ಒಂದೊಂದು ವಲಯಕ್ಕೂ ಒಂದೊಂದು ಬಣ್ಣ ಕೊಟ್ಟಿದ್ದಾರೆ. ಪ್ರತಿ ವಲಯದ ಪುಟಗಳಲ್ಲಿ ನಕ್ಷೆ, ತಾಣಗಳ ಪಟ್ಟಿ, ಠಸ್ಸೆ ಒತ್ತಲು ಖಾಲಿ ಚೌಕಗಳು. ಪಾರ್ಕ್‌ವೇ ಬರುವುದು ಆಗ್ನೇಯ ವಲಯದಲ್ಲಿ. ಪುಸ್ತಕಕ್ಕೆ ಹಣ ಕೊಡಬೇಕು, ಠಸ್ಸೆಗೆ ಕೊಡಬೇಕಿಲ್ಲ. ಉದ್ಯಾನದ ಮಾಹಿತಿ ಕೇಂದ್ರದೊಳಗೆ, ಸಾಮಾನ್ಯವಾಗಿ ಪುಸ್ತಕದಂಗಡಿಯ ಪಕ್ಕದ ಮೇಜಿನ ಮೇಲೆ, ದಿನಾಂಕ ಬದಲಿಸುವ ರಬ್ಬರ್ ಠಸ್ಸೆ ಮತ್ತು ಇಂಕ್ ಪ್ಯಾಡ್ ಇರುತ್ತವೆ. ಕಾಣದಿದ್ದರೆ ಅಲ್ಲಿರುವ ರೇಂಜರ್ ಅಥವಾ ಸ್ವಯಂಸೇವಕರನ್ನು ಕೇಳಿದರೆ ಒಳಗಿಂದ ತೆಗೆದುಕೊಡುತ್ತಾರೆ.

ಠಸ್ಸೆ ನೋಡಲು ಅಂಚೆ ಕಚೇರಿಯ ಮೊಹರಿನ ಹಾಗೆ ಗುಂಡಗಿರುತ್ತದೆ. ಮೇಲಿನ ಅಂಚಿನಲ್ಲಿ ಉದ್ಯಾನದ ಹೆಸರು, ನಡುವೆ ಆ ದಿನದ ದಿನಾಂಕ, ಕೆಳಗೆ ಆ ಜಾಗದ ಮತ್ತು ರಾಜ್ಯದ ಹೆಸರು. ಪಾರ್ಕ್‌ವೇಯಂಥ ಉದ್ದದ ತಾಣದಲ್ಲಿ ಸ್ವಾರಸ್ಯ ಬರುವುದು ಈ ಕೆಳಗಿನ ಸಾಲಿನಿಂದ. ಒಂದು ಕೋಟೆಗೋ ಸ್ಮಾರಕಕ್ಕೋ ಹೋದರೆ ಸಾಮಾನ್ಯವಾಗಿ ಒಂದೇ ಠಸ್ಸೆ ಸಿಗುತ್ತದೆ. ಇಲ್ಲಿ ಪೀಕ್ಸ್ ಆಫ್ ಆಟರ್‌ಗೆ ಒಂದು, ಸಂಗೀತ ಕೇಂದ್ರಕ್ಕೆ ಒಂದು, ಕ್ರ್ಯಾಗಿ ಗಾರ್ಡನ್ಸ್‌ಗೆ ಒಂದು ಹೀಗೆ ದಾರಿಯುದ್ದಕ್ಕೂ ಬೇರೆಬೇರೆ. ಕೆಲವು ಮೇಜುಗಳ ಮೇಲೆ ಅದೇ ದಾರಿಯನ್ನು ಹಾದುಹೋಗುವ ಬೇರೆ ತಾಣದ ಠಸ್ಸೆಯೂ ಇರುವುದುಂಟು. ಹಾಗಾಗಿ ಅಲ್ಲಿರುವುದನ್ನೆಲ್ಲ ಒಮ್ಮೆ ಓದಿ ನೋಡಿ.

ಇದರ ಜೊತೆಗೆ ಬಣ್ಣದ ಚಿತ್ರವಿರುವ ಅಂಟುಚೀಟಿಗಳೂ ಇವೆ. ವರ್ಷಕ್ಕೊಂದು ಕಂತು ಬರುತ್ತದೆ: ಇಡೀ ದೇಶಕ್ಕೆ ಒಂದು, ಒಂಬತ್ತು ವಲಯಗಳಿಗೆ ಒಂದೊಂದು. ಇವನ್ನು ಕೊಳ್ಳಬೇಕು. ಇವು ಅಲಂಕಾರಕ್ಕೆ ಅಷ್ಟೆ. ಅಲ್ಲಿಗೆ ಹೋಗಿದ್ದಿರಿ ಎಂಬುದಕ್ಕೆ ಸಾಕ್ಷಿ ದಿನಾಂಕದ ಠಸ್ಸೆ ಮಾತ್ರ.

ಒತ್ತುವ ಮೊದಲು ದಿನಾಂಕ ಸರಿಯಿದೆಯೇ ನೋಡಿ. ಹಿಂದಿನ ದಿನದ್ದೇ ಉಳಿದಿರುವುದು ಸಾಮಾನ್ಯ, ಪಕ್ಕದ ಚಕ್ರ ತಿರುಗಿಸಿ ಸರಿಮಾಡಬಹುದು. ಮೇಜಿನ ಮೇಲಿರುವ ರದ್ದಿ ಕಾಗದದ ಮೇಲೆ ಒಮ್ಮೆ ಒತ್ತಿ, ಇಂಕು ಹದವಾಗಿದೆಯೇ ಎಂದು ಪರೀಕ್ಷಿಸಿ. ಒತ್ತಿದ ತಕ್ಷಣ ಪುಸ್ತಕ ಮುಚ್ಚಿದರೆ ಎದುರಿನ ಪುಟಕ್ಕೂ ಬಣ್ಣ ಹತ್ತುತ್ತದೆ, ಅರೆನಿಮಿಷ ಆರಲು ಬಿಡಿ. ಪುಸ್ತಕ ಮನೆಯಲ್ಲೇ ಉಳಿದಿದ್ದರೆ ಬಿಳಿ ಹಾಳೆಯ ಮೇಲೆ ಒತ್ತಿಕೊಂಡು ಬಂದು ಆಮೇಲೆ ಅಂಟಿಸಿದರಾಯಿತು, ಎಷ್ಟೋ ಜನ ಹಾಗೆ ಮಾಡುತ್ತಾರೆ.

ಎರಡು ಗೊಂದಲಗಳನ್ನು ಇಲ್ಲೇ ಬಿಡಿಸಿಬಿಡಬೇಕು. ಮೊದಲನೆಯದು, ಈ ಪುಸ್ತಕ ಪ್ರವೇಶದ ಪಾಸ್ ಅಲ್ಲ. ಅದನ್ನು ತೋರಿಸಿ ಯಾವ ಉದ್ಯಾನದೊಳಗೂ ಹೋಗಲಾಗದು. ಪಾರ್ಕ್‌ವೇಗೆ ಪ್ರವೇಶ ಶುಲ್ಕವೇ ಇಲ್ಲದ್ದರಿಂದ ಇಲ್ಲಿ ತೊಂದರೆಯಿಲ್ಲ. ಆದರೆ ಉತ್ತರದ ತುದಿಗೆ ಹೊಂದಿಕೊಂಡಿರುವ ಶೆನಂಡೋವಾ ಉದ್ಯಾನದಲ್ಲಿ ಗಾಡಿಗೆ ಶುಲ್ಕವಿದೆ. ದಕ್ಷಿಣದ ತುದಿಯ ಗ್ರೇಟ್ ಸ್ಮೋಕಿ ಮೌಂಟನ್ಸ್‌ನಲ್ಲಿ ಪ್ರವೇಶ ಉಚಿತವಾದರೂ, 2023ರ ಮಾರ್ಚ್‌ನಿಂದ ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಗಾಡಿ ನಿಲ್ಲಿಸಲು ಪಾರ್ಕಿಂಗ್ ಚೀಟಿ ಕೊಳ್ಳಬೇಕು.

ಎರಡನೆಯದು ಇನ್ನೂ ಮುಖ್ಯ. ಈ ಠಸ್ಸೆಯನ್ನು ನಿಮ್ಮ ನಿಜವಾದ ಪಾಸ್‌ಪೋರ್ಟಿನ ಮೇಲೆ ಎಂದಿಗೂ ಒತ್ತಬೇಡಿ, ಮಕ್ಕಳ ಕೈಗೆ ಆ ಪಾಸ್‌ಪೋರ್ಟ್ ಸಿಗದಂತೆಯೂ ನೋಡಿಕೊಳ್ಳಿ. ವಲಸೆ ಅಧಿಕಾರಿಗಳದ್ದಲ್ಲದ ಗುರುತು ಬಿದ್ದ ಪಾಸ್‌ಪೋರ್ಟನ್ನು ಹಾಳಾದದ್ದೆಂದು ತಳ್ಳಿಹಾಕುವ ಅಧಿಕಾರ ವಿಮಾನ ನಿಲ್ದಾಣದಲ್ಲಿ ಕೂತವರಿಗಿದೆ. ವೀಸಾ ಅಂಟಿಸಿದ ಪುಸ್ತಕದೊಡನೆ ಆ ಆಟ ಬೇಡ.

ಮಕ್ಕಳಿಗೆ ಬೇರೆಯೇ ಏರ್ಪಾಡಿದೆ. ಜೂನಿಯರ್ ರೇಂಜರ್ ಎಂಬ ಚಟುವಟಿಕೆ ಪುಸ್ತಕವನ್ನು ಕೇಂದ್ರದಲ್ಲಿ ಪಡೆದು, ಅದರಲ್ಲಿ ಕೇಳಿದ್ದನ್ನು ಸುತ್ತಮುತ್ತ ಹುಡುಕಿ ಬರೆದು ತೋರಿಸಿದರೆ, ರೇಂಜರ್ ಪ್ರತಿಜ್ಞೆ ಹೇಳಿಸಿ ಬ್ಯಾಡ್ಜ್ ಕೊಡುತ್ತಾರೆ. ಅಜ್ಜಿ ತಾತಂದಿರು ಜೊತೆಯಲ್ಲಿ ಕೂತು ಇದನ್ನು ತುಂಬಿಸಿದರೆ ಅವರಿಗೂ ಊರು ಅರ್ಥವಾಗುತ್ತದೆ.

ನಿಲ್ಲಿಸಲೆಂದೇ ಕಟ್ಟಿದ ರಸ್ತೆ

1929ರ ಆರ್ಥಿಕ ಕುಸಿತದ ನಂತರ ಅಮೆರಿಕದಲ್ಲಿ ಲಕ್ಷಾಂತರ ಜನ ಕೆಲಸವಿಲ್ಲದೆ ಕೂತಿದ್ದಾಗ, ಅವರಿಗೆ ಕೂಲಿ ಒದಗಿಸಲು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸರ್ಕಾರ ಕೈಗೊಂಡ ಕಾಮಗಾರಿಗಳಲ್ಲಿ ಈ ರಸ್ತೆಯೂ ಒಂದು. ದಾರಿ ಟೆನೆಸಿಗೂ ಹೋಗಬೇಕೋ ಪೂರ್ತಿ ನಾರ್ತ್ ಕ್ಯಾರೊಲೈನಾದಲ್ಲೇ ಇರಬೇಕೋ ಎಂದು ಎರಡು ರಾಜ್ಯಗಳು ಜಗಳವಾಡಿದವು. 1934ರಲ್ಲಿ ಒಳಾಡಳಿತ ಕಾರ್ಯದರ್ಶಿ ಹ್ಯಾರಲ್ಡ್ ಇಕೀಸ್ ನಾರ್ತ್ ಕ್ಯಾರೊಲೈನಾದ ಪರ ತೀರ್ಪಿತ್ತರು. 1935ರ ಸೆಪ್ಟೆಂಬರ್ 11ರಂದು ಎರಡು ರಾಜ್ಯಗಳ ಗಡಿಯ ಬಳಿಯ ಕಂಬರ್ಲೆಂಡ್ ನಾಬ್‌ನಲ್ಲಿ ಕೆಲಸ ಆರಂಭವಾಯಿತು. ರಸ್ತೆಯ ರೂಪುರೇಷೆ ಬರೆದವರು ಸ್ಟ್ಯಾನ್ಲಿ ಅಬಟ್ ಎಂಬ ಭೂದೃಶ್ಯ ವಿನ್ಯಾಸಕಾರ. ಆಗ ಅವರಿಗೆ ಇನ್ನೂ ಇಪ್ಪತ್ತಾರರ ಆಸುಪಾಸು.

ಅಬಟ್ ಅವರ ಕಲ್ಪನೆ ಆ ಕಾಲಕ್ಕೆ ಹೊಸದು. ರಸ್ತೆ ಊರುಗಳನ್ನು ಜೋಡಿಸುವ ಬದಲು ನೋಟಗಳನ್ನು ಜೋಡಿಸಬೇಕು. ತಿರುವು ಎಲ್ಲಿ ಬರಬೇಕು, ಯಾವ ಮರ ಉಳಿಯಬೇಕು, ಯಾವುದನ್ನು ಕಡಿದರೆ ಕಣಿವೆ ಕಾಣುತ್ತದೆ ಎಂಬುದನ್ನೆಲ್ಲ ನಕ್ಷೆಯ ಮೇಲೆಯೇ ತೀರ್ಮಾನಿಸಿದರು. ಒಂದಷ್ಟು ದೂರಕ್ಕೊಮ್ಮೆ ದಾರಿ ಅಗಲವಾಗಿ ಉದ್ಯಾನವಾಗಬೇಕು, ಜನ ಅಲ್ಲಿ ಇಳಿದು ನಡೆಯಬೇಕು, ಬುತ್ತಿ ಬಿಚ್ಚಬೇಕು, ರಾತ್ರಿ ತಂಗಬೇಕು. ಇವತ್ತು ಠಸ್ಸೆ ಸಿಗುವ ಜಾಗಗಳಲ್ಲಿ ಹಲವು ಹೀಗೆ ಆಗಲೇ ಗುರುತಿಸಿದ ನಿಲುಗಡೆಗಳು. ಠಸ್ಸೆ ಪುಸ್ತಕ ಹುಟ್ಟಿದ್ದು ಅರ್ಧ ಶತಮಾನದ ನಂತರವಾದರೂ ಈ ರಸ್ತೆಗೆ ಅದು ಹೇಳಿ ಮಾಡಿಸಿದಂತೆ ಒಪ್ಪುವುದು ಈ ಕಾರಣಕ್ಕೆ.

ಎರಡನೇ ಮಹಾಯುದ್ಧದ ಹೊತ್ತಿಗೆ ಸರಿಸುಮಾರು ಅರ್ಧ ದಾರಿ ಮುಗಿದಿತ್ತು. 1960ರ ದಶಕದ ನಡುವೆ ಏಳೂವರೆ ಮೈಲಿಯಷ್ಟು ಬಿಟ್ಟು ಮಿಕ್ಕಿದ್ದೆಲ್ಲ ಮುಗಿಯಿತು. ಆ ಏಳೂವರೆ ಮೈಲಿಗೆ ಮತ್ತೆ ಇಪ್ಪತ್ತು ವರ್ಷ ಹಿಡಿಯಿತು! ಗ್ರಾಂಡ್‌ಫಾದರ್ ಬೆಟ್ಟದ ಮಾಲೀಕ ಹ್ಯೂ ಮಾರ್ಟನ್, ಬೆಟ್ಟದ ಮೇಲ್ಭಾಗವನ್ನು ಕೊರೆದು ರಸ್ತೆ ಮಾಡಲು ಬಿಡುವುದಿಲ್ಲ ಎಂದು ಪಟ್ಟು ಹಿಡಿದರು. ಕೊನೆಗೆ ಒಪ್ಪಿಗೆಯಾದದ್ದು ಅದಕ್ಕಿಂತ ಕೆಳಗಿನ ಹಾದಿ. ಅಲ್ಲಿಯ ಬಂಡೆಗಳಿಗೆ ಗಾಯವಾಗದಂತೆ ಕಟ್ಟಿದ್ದು ಲಿನ್ ಕೋವ್ ಮೇಲ್ಸೇತುವೆ. ಉದ್ದ 1,243 ಅಡಿ. ಒಟ್ಟು 153 ಕಾಂಕ್ರೀಟ್ ತುಂಡುಗಳು, ಒಂದೊಂದರ ತೂಕ ಸುಮಾರು 50 ಟನ್. ಬೆಟ್ಟದ ಬದಿಯಲ್ಲಿ ಯಂತ್ರಗಳಿಗೆ ದಾರಿ ಕಡಿಯದೆ, ಆಗಲೇ ಕೂಡಿಸಿದ ತುಂಡಿನ ತುದಿಯಲ್ಲಿ ನಿಂತು ಮುಂದಿನ ತುಂಡನ್ನು ಇಳಿಬಿಟ್ಟು, ಅಂಟು ಹಚ್ಚಿ, ಉಕ್ಕಿನ ಹಗ್ಗಗಳಿಂದ ಬಿಗಿಯುತ್ತಾ ಹೋದರು. ಕಂಬಗಳನ್ನೂ ಮೇಲಿನಿಂದಲೇ ಇಳಿಸಿದರು. ಕಾಂಕ್ರೀಟಿನ ಬಣ್ಣ ಸುತ್ತಲಿನ ಬಂಡೆಗೆ ಹೊಂದಲೆಂದು ಕಬ್ಬಿಣದ ಆಕ್ಸೈಡ್ ಬೆರೆಸಿದರು. 1987ರ ಸೆಪ್ಟೆಂಬರ್ 11ರಂದು, ಮೊದಲ ಗುದ್ದಲಿ ಬಿದ್ದು ಸರಿಯಾಗಿ 52 ವರ್ಷಕ್ಕೆ, ಪಾರ್ಕ್‌ವೇ ಪೂರ್ಣಗೊಂಡಿತು. ಸೇತುವೆಯ ಮೇಲೆ ಗಾಡಿಯಲ್ಲಿ ಹೋದರೆ ಅದು ಮುಗಿದದ್ದೇ ತಿಳಿಯುವುದಿಲ್ಲ. 304ನೇ ಮೈಲಿಯಲ್ಲಿ ಕಾರು ನಿಲ್ಲಿಸಿ, ಕೆಳಗಿನ ಕಾಲುದಾರಿಯಲ್ಲಿ ನಡೆದುಹೋಗಿ ತಳದಿಂದ ನೋಡಬೇಕು. ಬೆಟ್ಟದ ಮಗ್ಗುಲಿಗೆ ಒರಗಿಕೊಂಡು ಬಳುಕುವ ಆ ಕಟ್ಟಡದ ಮುಂದೆ ಎಂಥ ಎಂಜಿನಿಯರೂ ಸ್ವಲ್ಪ ಹೊತ್ತು ಮಾತು ಮರೆಯುತ್ತಾನೆ.

ಮೈಲಿಗಲ್ಲೇ ವಿಳಾಸ

ಈ ದಾರಿಯಲ್ಲಿ ಮನೆ ನಂಬರು, ಬೀದಿಯ ಹೆಸರು ಕೆಲಸಕ್ಕೆ ಬರುವುದಿಲ್ಲ. ಉತ್ತರದ ತುದಿ ಸೊನ್ನೆ, ದಕ್ಷಿಣದ ತುದಿ 469. ಊಟದ ಜಾಗ, ಶೌಚಾಲಯ, ಜಲಪಾತ, ಠಸ್ಸೆ ಎಲ್ಲವನ್ನೂ ‘ಇಂಥ ಮೈಲಿ’ ಎಂದೇ ಹೇಳುತ್ತಾರೆ. ಮೊಬೈಲಿನ ನಕ್ಷೆಯನ್ನು ಇಲ್ಲಿ ಪೂರ್ತಿ ನೆಚ್ಚಬಾರದು. ಬೇಗ ತಲುಪಿಸುವುದೇ ಅದರ ಗುರಿಯಾದ್ದರಿಂದ ಮೊದಲ ಅವಕಾಶಕ್ಕೇ ನಿಮ್ಮನ್ನು ಪಾರ್ಕ್‌ವೇಯಿಂದ ಇಳಿಸಿ ಹೆದ್ದಾರಿಗೆ ಹಾಕುತ್ತದೆ. ಎಷ್ಟೋ ಕಡೆ ಸಿಗ್ನಲ್ಲೂ ಇರುವುದಿಲ್ಲ. ಮೊದಲ ಕೇಂದ್ರದಲ್ಲೇ ಉಚಿತ ಕಾಗದದ ನಕ್ಷೆ ಕೇಳಿ ಪಡೆಯಿರಿ.

ಉತ್ತರದಿಂದ ಹೊರಟರೆ ಆರನೇ ಮೈಲಿಗೂ ಮುಂಚೆಯೇ ಹಂಪ್‌ಬ್ಯಾಕ್ ರಾಕ್ಸ್‌ನಲ್ಲಿ ಹಳೆಯ ಬೆಟ್ಟದ ಹೊಲಮನೆ ಸಿಗುತ್ತದೆ. 63ರ ಹತ್ತಿರ ಜೇಮ್ಸ್ ನದಿ. 649 ಅಡಿ ಎತ್ತರದ ಇದು ಇಡೀ ದಾರಿಯ ಅತಿ ತಗ್ಗಿನ ಜಾಗ. ದೋಣಿಗಳನ್ನು ಮೇಲೆ ಕೆಳಗೆ ಮಾಡುತ್ತಿದ್ದ ಕಾಲುವೆಯ ಹಳೆಯ ತೂಬುಕಟ್ಟೆ ಅಲ್ಲಿ ಉಳಿದಿದೆ. 86ರಲ್ಲಿ ಪೀಕ್ಸ್ ಆಫ್ ಆಟರ್, ಕೆರೆ, ವಸತಿಗೃಹ.

ನನ್ನ ಮಟ್ಟಿಗೆ ಹಳ್ಳಿಯ ಬದುಕು ದಟ್ಟವಾಗಿ ಕಾಣುವುದು 165ರಿಂದ 220ರವರೆಗಿನ ಪಟ್ಟಿಯಲ್ಲಿ. ಬೇರೆಡೆ ಬೆಟ್ಟದ ಇಳಿಜಾರು, ಕಾಡು. ಇಲ್ಲಿ ರಸ್ತೆಗೆ ತಾಗಿಯೇ ಹುಲ್ಲುಗಾವಲು, ದನಗಳು, ಸುತ್ತಿಟ್ಟ ಹುಲ್ಲಿನ ಉರುಳೆಗಳು. ಇದು ತಾನಾಗಿ ಉಳಿದದ್ದಲ್ಲ. ಉದ್ಯಾನ ಇಲಾಖೆ ತನ್ನ ನೆಲವನ್ನು ಸುತ್ತಲಿನ ರೈತರಿಗೆ ಗುತ್ತಿಗೆಗೆ ಕೊಟ್ಟು, ಅವರು ಉತ್ತು ಮೇಯಿಸುವುದರಿಂದ ಹೊಲ ಹೊಲವಾಗಿಯೇ ಉಳಿದಿದೆ. ಬಿಟ್ಟರೆ ಕೆಲವೇ ವರ್ಷಗಳಲ್ಲಿ ಕಾಡು ನುಂಗಿಬಿಡುತ್ತದೆ. ಹೊಲದಂಚಿನಲ್ಲಿ ಅಂಕುಡೊಂಕಾಗಿ ಹಾವಿನಂತೆ ಹೋಗುವ ಮರದ ಬೇಲಿಗಳನ್ನು ಗಮನಿಸಿ. ಮೊಳೆ ಹೊಡೆಯದೆ, ಸೀಳಿದ ದಿಮ್ಮಿಗಳನ್ನು ಒಂದರ ಮೇಲೊಂದು ಹೇರಿ ಕಟ್ಟಿದವು. ಮರ ಅಮೆರಿಕನ್ ಚೆಸ್ಟ್‌ನಟ್. ಒಂದು ಕಾಲದಲ್ಲಿ ಈ ಬೆಟ್ಟಗಳ ತುಂಬಾ ಇದ್ದ ಈ ಮರ, 1904ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಕಂಡ ಶಿಲೀಂಧ್ರ ರೋಗಕ್ಕೆ ಸಿಕ್ಕಿ ಕೆಲವೇ ದಶಕಗಳಲ್ಲಿ ನಾಶವಾಯಿತು. ಅದರ ಕಾಯಿ ತಿಂದು ಕೊಬ್ಬುತ್ತಿದ್ದ ಹಂದಿ, ಆ ಕಾಯಿ ಮಾರಿ ಚಪ್ಪಲಿ ಕೊಳ್ಳುತ್ತಿದ್ದ ಬಡವರು, ಎಲ್ಲರ ಬದುಕೂ ಬದಲಾಯಿತು. ಕೊಳೆಯದ ಗಟ್ಟಿ ಮರವಾದ್ದರಿಂದ ಬೇಲಿ ಮಾತ್ರ ನಿಂತಿದೆ. 188ರ ಗ್ರೌಂಡ್‌ಹಾಗ್ ಬೆಟ್ಟದಲ್ಲಿ ಬೇರೆಬೇರೆ ಬಗೆಯ ಬೇಲಿಗಳನ್ನು ಒಟ್ಟಿಗೆ ಕಟ್ಟಿ ತೋರಿಸಿದ್ದಾರೆ.

ಅದಕ್ಕೆ ಒಂದು ಮೈಲಿ ಮುಂದೆ ಪಕೆಟ್ ಕ್ಯಾಬಿನ್. ಅಲ್ಲಿ ಠಸ್ಸೆ ಇಲ್ಲ, ಅಂಗಡಿ ಇಲ್ಲ. ದಿಮ್ಮಿಗಳ ಒಂದು ಪುಟ್ಟ ಮನೆ ಮತ್ತು ಒಂದು ಫಲಕ ಮಾತ್ರ. ಒರ್ಲೀನಾ ಪಕೆಟ್ ಎಂಬ ಸೂಲಗಿತ್ತಿಯ ನೆನಪಿಗೆ ಉಳಿಸಿದ ಜಾಗ ಅದು. ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಆಕೆಗೆ ತಾನು ಹೆತ್ತ 24 ಮಕ್ಕಳಲ್ಲಿ ಒಂದೂ ಶೈಶವ ದಾಟಿ ಉಳಿಯಲಿಲ್ಲ. 1939ರಲ್ಲಿ, ನೂರರ ಸಮೀಪದ ಹಣ್ಣುಹಣ್ಣು ವಯಸ್ಸಿನಲ್ಲಿ ತೀರಿಕೊಂಡರು. ಠಸ್ಸೆಯ ಪಟ್ಟಿ ಹಿಡಿದು ಹೋಗುವವರು ಇಂಥ ಜಾಗಗಳನ್ನು ದಾಟಿಹೋಗುವ ಅಪಾಯವಿದೆ. ದಯವಿಟ್ಟು ಇಲ್ಲಿ ನಿಲ್ಲಿಸಿ.

165ರಿಂದ 220ರ ಇದೇ ಪಟ್ಟಿಯಲ್ಲಿ, 176ರಲ್ಲಿ, ಮೇಬ್ರಿ ಮಿಲ್, ಪಾರ್ಕ್‌ವೇಯ ಕ್ಯಾಲೆಂಡರುಗಳಲ್ಲೆಲ್ಲ ಕಾಣುವ ನೀರಿನ ಗಿರಣಿ. ಎಡ್ ಮೇಬ್ರಿ ಮತ್ತು ಅವರ ಹೆಂಡತಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಲ್ಲಿ ಮೆಕ್ಕೆಜೋಳ ಬೀಸುತ್ತಾ, ಮರ ಕೊಯ್ಯುತ್ತಾ, ಕಮ್ಮಾರಿಕೆ ಮಾಡುತ್ತಾ ಬದುಕಿದರು. ಚಿತ್ರ ಸುಂದರವಾಗಿದೆ, ಆದರೆ ಪೂರ್ತಿ ನಿಜವಲ್ಲ. ಮೇಬ್ರಿ ದಂಪತಿ ವಾಸವಿದ್ದದ್ದು ಹಲಗೆಯ ಎರಡಂತಸ್ತಿನ ಮನೆಯಲ್ಲಿ. ಅದು ಬೆಟ್ಟದ ಹಳೆಯ ಕಾಲದ ನೋಟಕ್ಕೆ ಹೊಂದುವುದಿಲ್ಲವೆಂದು ಇಲಾಖೆ ಕೆಡವಿಸಿ, ಬೇರೆಡೆಯಿಂದ ದಿಮ್ಮಿಯ ಗುಡಿಸಲೊಂದನ್ನು ತಂದು ನಿಲ್ಲಿಸಿತು. ಬೆಟ್ಟದ ಜನ ಎಂದರೆ ಗುಡಿಸಲಲ್ಲೇ ಇದ್ದವರು ಎಂಬ ಪೇಟೆಯವರ ಎಣಿಕೆಗೆ ಊರಿನ ಇತಿಹಾಸವನ್ನೇ ತಿದ್ದಿದಂತಾಯಿತು. ಇದಷ್ಟೇ ಅಲ್ಲ, ರಸ್ತೆಗಾಗಿ ರೈತರು ಜಮೀನು ಕಳೆದುಕೊಂಡರು. ಚೆರೋಕೀ ಮೂಲನಿವಾಸಿಗಳು ತಮ್ಮ ಕಣಿವೆಯ ಒಳ್ಳೆಯ ಹೊಲಗಳ ನಡುವೆ ದಾರಿ ಬೇಡವೆಂದು ವರ್ಷಗಟ್ಟಲೆ ವಾದಿಸಿ, 1940ರಲ್ಲಿ ಬೇರೆ ಜಾಡಿಗೆ ಒಪ್ಪಿಸಿದರು. ಗಿರಣಿಯ ಮುಂದೆ ಫೋಟೋ ತೆಗೆಸಿಕೊಳ್ಳುವಾಗ ಈ ಸಂಗತಿಗಳೂ ತಿಳಿದಿರಲಿ.

213ರ ಬ್ಲೂ ರಿಡ್ಜ್ ಸಂಗೀತ ಕೇಂದ್ರಕ್ಕೆ ಮಧ್ಯಾಹ್ನ ತಲುಪುವಂತೆ ಹೊಂದಿಸಿಕೊಳ್ಳಿ. ಋತುವಿನಲ್ಲಿ ಅಲ್ಲಿನ ಜಗಲಿಯ ಮೇಲೆ ಸುತ್ತಲಿನ ಊರುಗಳ ಕಲಾವಿದರು ಬಂದು ಉಚಿತವಾಗಿ ನುಡಿಸುತ್ತಾರೆ. ಯುರೋಪಿನಿಂದ ವಲಸೆ ಬಂದವರ ಪಿಟೀಲು, ಆಫ್ರಿಕಾದಿಂದ ಗುಲಾಮರನ್ನಾಗಿ ಹಿಡಿದು ತಂದ ಜನರ ಬ್ಯಾಂಜೊ, ಇವೆರಡೂ ಈ ಬೆಟ್ಟಗಳಲ್ಲಿ ಒಂದಾಗಿ ಹುಟ್ಟಿದ ಸಂಗೀತ ಅದು. ಒಳಗಿನ ಪ್ರದರ್ಶನವೂ ಇದೇ ಕಥೆ ಹೇಳುತ್ತದೆ.

ನಾರ್ತ್ ಕ್ಯಾರೊಲೈನಾದಲ್ಲಿ 294ರ ಮೋಸೆಸ್ ಕೋನ್ ಬಂಗಲೆ ಬೇರೆ ಬಗೆಯದು. ಡೆನಿಮ್ ಬಟ್ಟೆಯ ಗಿರಣಿಗಳಿಂದ ಶ್ರೀಮಂತರಾದ ಕೋನ್ ಬೆಟ್ಟದಲ್ಲಿ ಸೇಬಿನ ತೋಟ ಮಾಡಿ, ಕುದುರೆಗಾಡಿಗೆಂದು 25 ಮೈಲಿ ದಾರಿ ಹಾಕಿಸಿದರು. ಏರಿಳಿತ ಕಡಿಮೆಯಿರುವ ಈ ದಾರಿಗಳು ಮೊಣಕಾಲು ನೋವಿರುವ ಹಿರಿಯರಿಗೂ ಹಿತವಾಗುತ್ತವೆ. 331ರಲ್ಲಿ ಖನಿಜಗಳ ವಸ್ತುಸಂಗ್ರಹಾಲಯ. 355ರಲ್ಲಿ ಎಡಕ್ಕೋ ಬಲಕ್ಕೋ ಎಂದು ಯೋಚಿಸದೆ ಮೌಂಟ್ ಮಿಚೆಲ್ ಕವಲಿಗೆ ತಿರುಗಿ. 6,684 ಅಡಿಯ ಇದು ಮಿಸಿಸಿಪಿ ನದಿಯ ಪೂರ್ವಕ್ಕಿರುವ ಅತಿ ಎತ್ತರದ ಶಿಖರ, ನಮ್ಮ ಮುಳ್ಳಯ್ಯನಗಿರಿಗಿಂತ ನೂರು ಮೀಟರಿನಷ್ಟು ಹೆಚ್ಚು. ಇದರ ಎತ್ತರ ಅಳೆಯಲು ಹೋಗಿ 1857ರಲ್ಲಿ ಜಾರಿಬಿದ್ದು ಸತ್ತ ಪ್ರೊಫೆಸರ್ ಎಲೀಷಾ ಮಿಚೆಲ್ ಅವರ ಸಮಾಧಿ ಶಿಖರದ ಮೇಲೇ ಇದೆ. ಆದರೆ ಇದು ರಾಜ್ಯ ಸರ್ಕಾರದ ಉದ್ಯಾನ, ರಾಷ್ಟ್ರೀಯ ಪುಸ್ತಕದ ಪಟ್ಟಿಗೆ ಸೇರುವುದಿಲ್ಲ. ನಾರ್ತ್ ಕ್ಯಾರೊಲೈನಾದ ರಾಜ್ಯ ಉದ್ಯಾನಗಳಿಗೆ ಅವರದೇ ಪ್ರತ್ಯೇಕ ಠಸ್ಸೆ ಪುಸ್ತಕವಿದೆ.

ಕ್ರ್ಯಾಗಿ ಗಾರ್ಡನ್ಸ್ 364ರಲ್ಲಿ. ಜೂನ್ ನಡುವೆ ಅಲ್ಲಿ ರೋಡೊಡೆಂಡ್ರಾನ್ ಹೂವು ಬೆಟ್ಟವನ್ನೇ ನೇರಳೆ ಮಾಡುತ್ತದೆ. 382ರಲ್ಲಿ ಜನಪದ ಕಲಾ ಕೇಂದ್ರ. ಇದನ್ನು ನಡೆಸುವ ಕುಶಲಕರ್ಮಿಗಳ ಸಂಘ 1930ರಲ್ಲಿ ಹುಟ್ಟಿದ್ದು. ನೇಯ್ಗೆ, ಮಡಕೆ, ಮರದ ಕೆತ್ತನೆ ಮಾಡುವವರು ಅಲ್ಲೇ ಕೂತು ಕೆಲಸ ಮಾಡುವುದನ್ನು ನೋಡಬಹುದು. ಅಲ್ಲಿಂದ ಮುಂದೆ ದಾರಿ ಏರಿಳಿಯುತ್ತಾ ಹೋಗಿ 431ರಲ್ಲಿ 6,053 ಅಡಿ ಮುಟ್ಟುತ್ತದೆ. 451ರ ವಾಟರ್‌ರಾಕ್ ನಾಬ್ ದಕ್ಷಿಣದ ಕೊನೆಯ ದೊಡ್ಡ ನಿಲುಗಡೆ. ಬೆಟ್ಟದ ಹಿಂದೆ ಬೆಟ್ಟ ತಿಳಿ ನೀಲಿಯಾಗುತ್ತಾ ಹೋಗುವುದನ್ನು ಅಲ್ಲಿ ನಿಂತು ನೋಡಬೇಕು. ಓಕ್ ಮೊದಲಾದ ಮರಗಳು ಹೊರಬಿಡುವ ಐಸೊಪ್ರೀನ್ ಎಂಬ ಆವಿ ಗಾಳಿಯಲ್ಲಿ ಸೂಕ್ಷ್ಮ ಕಣಗಳಾಗಿ ಬೆಳಕನ್ನು ಚದುರಿಸುವುದರಿಂದ ಈ ನೀಲಿ ಹುಟ್ಟುತ್ತದೆ.

ಹೊರಡುವ ಮುನ್ನ

ಗಂಟೆಗೆ 45 ಮೈಲಿ ಮಿತಿಯ ದಾರಿಯಲ್ಲಿ, ಎಲ್ಲೂ ನಿಲ್ಲದಿದ್ದರೂ ತುದಿಯಿಂದ ತುದಿಗೆ ಹತ್ತೂವರೆ ತಾಸು. ನಿಲ್ಲುತ್ತಾ ಹೋದರೆ ನಾಲ್ಕೈದು ದಿನ ಬೇಕು. ಅಷ್ಟು ಬಿಡುವಿಲ್ಲದವರು ಇಡೀ ದಾರಿಯ ಆಸೆ ಬಿಟ್ಟು ನೂರು ಮೈಲಿಯೊಳಗಿನ ಒಂದು ತುಂಡನ್ನು ಆರಿಸಿಕೊಳ್ಳುವುದು ಲೇಸು. ರಾಲೀ ಕಡೆಯವರಿಗೆ ಮೇಬ್ರಿ ಮಿಲ್‌ನಿಂದ ಸಂಗೀತ ಕೇಂದ್ರದವರೆಗಿನ ವರ್ಜೀನಿಯಾ ಭಾಗ, ಷಾರ್ಲಟ್‌ನವರಿಗೆ ಕೋನ್ ಬಂಗಲೆಯ ಸುತ್ತಮುತ್ತ, ದಾರಿಯ ಪಕ್ಕದ ಆಶ್‌ವಿಲ್ ನಗರದಲ್ಲಿ ತಂಗುವವರಿಗೆ ಕ್ರ್ಯಾಗಿಯಿಂದ ವಾಟರ್‌ರಾಕ್‌ವರೆಗೆ.

ಪೆಟ್ರೋಲನ್ನು ಮೇಲೆ ಹತ್ತುವ ಮೊದಲೇ ತುಂಬಿಸಿ. ಊಟದ ಜಾಗಗಳು ಬೆರಳೆಣಿಕೆಯಷ್ಟು, ಸಸ್ಯಾಹಾರಿಗಳಿಗೆ ಆಯ್ಕೆ ಇನ್ನೂ ಕಡಿಮೆ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿ. ಕಲ್ಲು ಮರದ ಊಟದ ಮೇಜುಗಳು ದಾರಿಯುದ್ದಕ್ಕೂ ಇವೆ. ಆದರೆ ಕರಡಿಗಳಿರುವ ಕಾಡಿದು: ಡಬ್ಬಿ ಬಿಚ್ಚಿಟ್ಟು ಅತ್ತಿತ್ತ ಹೋಗಬೇಡಿ, ಉಳಿದ ಅನ್ನವನ್ನು ‘ಪ್ರಾಣಿಗಳು ತಿನ್ನಲಿ’ ಎಂದು ಚೆಲ್ಲಬೇಡಿ. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗುತ್ತದೆ. ಆಶ್‌ವಿಲ್‌ಗೆ ಇಳಿದರೆ ಚಾಯ್ ಪಾನಿ ಇದೆ, ನಮ್ಮ ಬೀದಿ ತಿಂಡಿಗಳನ್ನು ಬಡಿಸಿ 2022ರಲ್ಲಿ ಅಮೆರಿಕದ ಅತ್ಯುತ್ತಮ ರೆಸ್ಟೊರೆಂಟಿಗೆ ಕೊಡುವ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಪಡೆದದ್ದು.

ಭಾರತದಿಂದ ಬಂದವರು ಸ್ವತಃ ಗಾಡಿ ಓಡಿಸುವುದಾದರೆ ನಮ್ಮ ಆರ್‌ಟಿಒದಿಂದ ಒಂದು ವರ್ಷದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಲ್ಲೇ ಮಾಡಿಸಿಕೊಂಡು, ಮೂಲ ಲೈಸೆನ್ಸಿನ ಜೊತೆ ಇಟ್ಟುಕೊಳ್ಳಿ. ಕೆಲವು ತಿರುವುಗಳು ಒಳಹೋದಂತೆ ಇನ್ನಷ್ಟು ಬಿಗಿಯಾಗುತ್ತವೆ. ಪ್ರವೇಶಿಸುವಾಗಲೇ ವೇಗ ಇಳಿಸಿ. ದಾರಿಯಲ್ಲಿ 26 ಸುರಂಗಗಳಿವೆ, ವರ್ಜೀನಿಯಾದಲ್ಲಿ ಒಂದು, ಮಿಕ್ಕ 25 ನಾರ್ತ್ ಕ್ಯಾರೊಲೈನಾದಲ್ಲಿ. ಒಳಗೆ ಹೆಡ್‌ಲೈಟ್ ಹಾಕುವುದು ಕಡ್ಡಾಯ. ಸೈಕಲ್ ಸವಾರರೂ ಇದೇ ದಾರಿಯಲ್ಲಿರುತ್ತಾರೆ. ಹುಲ್ಲಂಚಿನಲ್ಲಿ ಗಾಡಿ ನಿಲ್ಲಿಸಬಹುದು, ನಾಲ್ಕೂ ಚಕ್ರ ಡಾಂಬರಿನಿಂದ ಪೂರ್ತಿ ಹೊರಗಿರಬೇಕು. ಡ್ರೋನ್ ಹಾರಿಸುವಂತಿಲ್ಲ.

ಠಸ್ಸೆಗೆ ಕಾಲವೂ ಮುಖ್ಯ. ಹೆಚ್ಚಿನ ಮಾಹಿತಿ ಕೇಂದ್ರಗಳು ವಸಂತದ ಕೊನೆಯಿಂದ ನವೆಂಬರ್ ಆರಂಭದವರೆಗೆ ಮಾತ್ರ ತೆರೆದಿರುತ್ತವೆ, ಸಂಜೆ ಐದರ ಸುಮಾರಿಗೆ ಬಾಗಿಲು ಹಾಕುತ್ತವೆ. ಚಳಿಗಾಲದಲ್ಲಿ ಹಿಮ ಕಟ್ಟಿ ರಸ್ತೆಯ ಎತ್ತರದ ಭಾಗಗಳಿಗೇ ಗೇಟು ಬೀಳುತ್ತದೆ. ಆಗ ನಂಬಬಹುದಾದದ್ದು ಆಶ್‌ವಿಲ್ ಬಳಿಯ 382 ಮತ್ತು 384ರ ಕೇಂದ್ರಗಳನ್ನು. ಎಲೆ ಬಣ್ಣಕ್ಕೆ ಬರುವವರು ನೆನಪಿಡಿ: ಬಣ್ಣ ಎತ್ತರದಲ್ಲಿ ಅಕ್ಟೋಬರ್ ಮೊದಲ ವಾರಗಳಲ್ಲಿ ಶುರುವಾಗಿ ತಗ್ಗಿಗೆ ಇಳಿಯುತ್ತಾ ತಿಂಗಳ ಕೊನೆಗೆ ಕಣಿವೆ ಸೇರುತ್ತದೆ. ತಡವಾದರೆ ತಗ್ಗಿನ ಭಾಗಕ್ಕೆ ಹೋಗಿ. ವಾರಾಂತ್ಯದ ದಟ್ಟಣೆ ಮಾತ್ರ ವಿಪರೀತ, ಮಂಗಳವಾರ ಬುಧವಾರ ಹೊಂದಿಸಿಕೊಂಡರೆ ಒಳ್ಳೆಯದು.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ರಸ್ತೆ ತೆರೆದಿದೆಯೇ ಎಂದು. 2024ರ ಸೆಪ್ಟೆಂಬರ್ 27ರಂದು ಅಪ್ಪಳಿಸಿದ ಹೆಲೀನ್ ಚಂಡಮಾರುತ ನಾರ್ತ್ ಕ್ಯಾರೊಲೈನಾ ಭಾಗದಲ್ಲಿ 50ಕ್ಕೂ ಹೆಚ್ಚು ಕಡೆ ಗುಡ್ಡ ಕುಸಿಯುವಂತೆ ಮಾಡಿತು. ಲಿನ್‌ವಿಲ್ ಜಲಪಾತದ ಮಾಹಿತಿ ಕೇಂದ್ರ ನೆರೆಗೆ ನಾಶವಾಯಿತು. ಅಂದಿನಿಂದ ದುರಸ್ತಿ ತುಂಡು ತುಂಡಾಗಿ ನಡೆಯುತ್ತಾ ಬಂದಿದೆ. ಹಳೆಯ ಪುಸ್ತಕ, ಹಳೆಯ ವಿಡಿಯೋಗಳಲ್ಲಿ ಹೇಳಿದ ಠಸ್ಸೆಯ ಜಾಗಗಳು ಈಗ ಇರಬಹುದು, ಇಲ್ಲದಿರಬಹುದು. ಯಾವ ಮೈಲಿಯಿಂದ ಯಾವ ಮೈಲಿಯವರೆಗೆ ರಸ್ತೆ ತೆರೆದಿದೆ, ಎಲ್ಲಿ ಮುಚ್ಚಿದೆ ಎಂಬುದನ್ನು ರಾಷ್ಟ್ರೀಯ ಉದ್ಯಾನ ಸೇವೆಯ ಜಾಲತಾಣದಲ್ಲಿ ಪಾರ್ಕ್‌ವೇಯ ರಸ್ತೆ ಸ್ಥಿತಿಯ ಪುಟ ತಿಳಿಸುತ್ತದೆ. ಹೊರಡುವ ದಿನ ಬೆಳಗ್ಗೆ ಅದನ್ನು ನೋಡಿ, ಬೇಕಾದ ಮೈಲಿಗಳನ್ನು ಕಾಗದದ ಮೇಲೆ ಬರೆದುಕೊಂಡು ಹೊರಡಿ.